ಪಂಚನಾಮೆಯ ಐದನೆಯವನು

ಶಿವರಾತ್ರಿ ಕಳೆದಿದೆ, ಹೋಳಿಹುಣ್ಣಿಮೆ ಇನ್ನೂ ಬಂದಿಲ್ಲ, ಹೊತ್ತು ಈಗಷ್ಟೇ ರೇಲಿನ ಗೇಟಿನ ಕಂಬಕ್ಕೆ ಏರಿದೆ, ಕಂಬದ ನೆರಳು ನನ್ನ ಕೆರದ ತನಕ ಬಂದು ಮಲಗಿದೆ, ನೆರಳಿನ ಮೇಲೆ ಅರಳೆಯ ಎಳೆಯೊಂದು ಉರುಳಿ ಹೋಯಿತು, ಹತ್ತಿ ಬಿಡಿಸುವ ಜಿನ್ನಿನ ಕಡೆಯಿಂದ ಬಂದದ್ದೇ ಇರಬೇಕು, ಈ ದಿನಮಾನದಲ್ಲಿ ಹುಬ್ಬಳ್ಳಿಯ ಗಾಳಿಯಲ್ಲಿ ಧೂಳಿಗಿಂತ ಅರಳೆ ಹೆಚ್ಚು, ಉಗುಳಿದರೆ ಅರಳೆ, ರೊಟ್ಟಿ ಮುರಿದರೆ ಅರಳೆ — ಬಾಳವ್ವ ಇನ್ನೂ ಬಂದಿಲ್ಲ. ಕೇಶ್ವಾಪುರದ ಗೇಟಿನ ಕಡೆ ಕುಂತಿರು ಕಾಕಾ, ಸೋಮವಾರ ಹೊತ್ತು ಏರೂದರಾಗ ಬರ್ತೇನಿ, ಇಬ್ಬರೂ ಕೂಡೇ ಫೌಜದಾರರ ಕಡೆ ಹೋಗೂಣು, ನಾ ಕಂಡದ್ದು ನಾ ಹೇಳ್ತೇನಿ, ಅಂದಿದ್ದಳು ನಿನ್ನೆ ಸಂಜೆ, ಹೇಳುವಾಗ ಅವಳ ಕೈಯಲ್ಲಿ ಸೊಪ್ಪು ಇತ್ತು, ಸೋಸುತ್ತ ಸೋಸುತ್ತ ಒಳ್ಳೆಯ ಎಲೆಯನ್ನೂ ಹೊರಗೆ ಎಸೆಯುತ್ತಿದ್ದಳು, ಅದನ್ನು ನಾನು ನೋಡಿದೆ. ಗೇಟು ಕಾಯುವ ಹುಚ್ಚಪ್ಪ ನಿಶಾನೆಯ ಬಟ್ಟೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದ, ಯಮನಪ್ಪಣ್ಣ, ಗೇಟು ಕಾಯಾಕ ಸರಕಾರ ನನಗ ಪಗಾರ ಕೊಡತದ, ನಿನಗ ಯಾರು ಕೊಡ್ತಾರೋ ಮಾರಾಯಾ, ಮುಂಜಾನಿಂದ ಕುಂತೀಯಲ್ಲ, ಅಂದ. ಒಬ್ಬಾಕಿ ಬರೂದೈತಿ, ಅಂದೆ. ಈ ವಯಸ್ಸಿನ್ಯಾಗ, ಅಂದ, ನಕ್ಕ, ನಾನು ನಗದೆ ಇದ್ದದ್ದು ಕಂಡು ಅವನಿಗೆ ಶುಕ್ರವಾರದ ನೆನಪಾಗಿರಬೇಕು, ನಗೆ ಅರ್ಧಕ್ಕೇ ನಿಂತಿತು, ಕುಂದರಪಾ, ಬಿಸಲು ಹತ್ತಿದರ ಈ ಕಡೆ ನೆಳ್ಳಿಗೆ ಸರಕೋ, ಕಂಬದಂಗ ಕುಂತರ ಸಾಹೇಬ ಬಂದು ನಿನಗೂ ಸುಣ್ಣಾ ಬಳಿ ಅಂತಾನ, ಅಂದು ತಂಬಾಕಿನ ಚಂಚಿ ಬಿಚ್ಚಿ ನನ್ನ ಮುಂದೆ ಹಿಡಿದ, ಕೈ ಚಾಚಿದೆ, ಯಾಕೋ ಹಿಂದಕ್ಕೆ ತೆಗೆದೆ. ಕಾಯುವುದು ನನಗೆ ಹೊಸದಲ್ಲ, ಪ್ರಾಯವೆಲ್ಲ ಹತ್ತಿಯ ಅಂಡಿಗೆ ಹೇರಿದ ಗಾಡಿ ಹೊಡೆದವನು, ಅಂಡಿಗೆ ಇಳಿಯುವ ತನಕ ಕಾಯಬೇಕು, ಎತ್ತು ನೀರು ಕುಡಿಯುವ ತನಕ ಕಾಯಬೇಕು, ಕಾದವನಿಗೆ ಒಂದಲ್ಲ ಒಂದು ದಿನ ದಾರಿ ಬಿಡುತ್ತದೆ ಎಂದು ನಂಬಿದವನು, ಈ ಹೊತ್ತು ಮಾತ್ರ ಕಾಯುವುದೆಂದರೆ ಎದೆಯಲ್ಲಿ ಯಾರೋ ಗಾಡಿಯ ಕೀಲು ಕಿತ್ತಂತೆ ಆಗುತ್ತದೆ, ಯಾಕಂದರೆ ಇವತ್ತು ಸಂಜೆಯೊಳಗೆ ಕಾಗದ ಧಾರವಾಡಕ್ಕೆ ಹೋಗುತ್ತದೆ, ಆ ಕಾಗದದಲ್ಲಿ ನಮ್ಮ ಸತ್ಯವ್ವ ಕಳ್ಳಿ.

ಸತ್ಯವ್ವ ನನ್ನ ತಂಗಿ ಫಕೀರವ್ವನ ಮಗಳು, ನಾನು ಅವಳ ಸೋದರಮಾವ, ಮದುವೆಯಲ್ಲಿ ಬಾಸಿಂಗ ಕಟ್ಟಿದವನು ನಾನೇ, ಗದಗಿನಲ್ಲಿ ಗಂಡ ಕಾಲರಾ ಬಂದು ಸತ್ತಾಗ ಗಾಡಿ ಕಟ್ಟಿಕೊಂಡು ಹೋಗಿ ತಿರುಗಿ ತಂದವನೂ ನಾನೇ, ದಾರಿಯುದ್ದಕ್ಕೂ ಒಂದು ಮಾತು ಆಡಲಿಲ್ಲ ಹುಡುಗಿ, ಅಣ್ಣಿಗೇರಿ ದಾಟಿದ ಮೇಲೆ ಮಾಮಾ, ಬಲಗಡೀ ಎತ್ತು ಕುಂಟಾಕತ್ತೇತಿ ನೋಡು, ಅಂದಳು, ಇಳಿದು ನೋಡಿದರೆ ಖರೇ, ಗೊರಸಿನಲ್ಲಿ ಮುಳ್ಳು. ಅಂಥ ಕಣ್ಣು. ಅಂಥವಳಿಗೆ ಶುಕ್ರವಾರ ಏನೂ ಕಾಣಿಸಲಿಲ್ಲವೋ, ಕಂಡಿತೋ, ಕಂಡು ಕಾಲು ತೆಗೆಯುವುದರೊಳಗೆ — ಬೇಡ, ಅದನ್ನು ನೆನೆಯುವುದು ಬೇಡ. ಜಿನ್ನಿನಲ್ಲಿ ಮೇಲೆ ಅಟ್ಟದ ಮೇಲೆ ಹತ್ತಿ ಬಿಡಿಸುವ ಯಂತ್ರಗಳ ಸಾಲು, ಕೆಳಗೆ ಓಣಿಯಂಥ ಕತ್ತಲೆ ಜಾಗ, ಅದರ ಉದ್ದಕ್ಕೂ ಗರಗರ ತಿರುಗುವ ಕಬ್ಬಿಣದ ಕೋಲು, ಶಾಫ್ಟು ಅನ್ನುತ್ತಾರೆ, ಅದರಿಂದ ಚರ್ಮದ ಪಟ್ಟಾಗಳು ಮೇಲಕ್ಕೆ ಹೋಗಿ ಯಂತ್ರಗಳನ್ನು ತಿರುಗಿಸುತ್ತವೆ, ಉದುರಿದ ಹತ್ತಿಕಾಳನ್ನು ಕೆಳಗೆ ಕೂತು ಬಳಿದು ಬುಟ್ಟಿ ತುಂಬುವುದು ಸತ್ಯವ್ವ ಬಾಳವ್ವರ ಕೆಲಸ, ಅವರು ಕೂರುವ ಜಾಗಕ್ಕೂ ಆ ಕೋಲಿಗೂ ನಡುವೆ ಹಲಗೆ ಬಡಿದ ಆಡ, ತಡೆಗೋಡೆ. ಆ ಆಡದಲ್ಲಿ ಒಂದು ಹಲಗೆ ಇರಲಿಲ್ಲ. ಸುದ್ದಿ ಕೇಳಿ ಓಡಿಹೋದಾಗ ಯಂತ್ರ ನಿಂತಿತ್ತು, ಯಾರೂ ನನ್ನನ್ನು ತಡೆಯುವ ಎಚ್ಚರದಲ್ಲಿ ಇರಲಿಲ್ಲ, ಕೆಳಗೆ ಇಳಿದೆ, ಅವಳ ಮೇಲೆ ಗೋಣಿತಟ್ಟು ಹೊದಿಸಿದ್ದರು, ಅವಳ ಬೆನ್ನ ಹಿಂದೆ ಹಲಗೆಗಳ ನಡುವೆ ಒಂದು ಆಳು ನುಸುಳುವಷ್ಟು ಖಾಲಿ, ಖಾಲಿಯ ಆಚೆ ಕೋಲು, ಕೋಲಿಗೆ ಸುತ್ತಿದ ಅವಳ ಸೀರೆ. ಬಾಳವ್ವ ಗೋಡೆಗೆ ಒರಗಿ ನಿಂತಿದ್ದಳು, ಶಿವರಾತ್ರಿಕಿಂತ ಮೊದಲ ಆ ಹಲಗಿ ಕಿತ್ತರು ಕಾಕಾ, ಗೋದಾಮಿನ ಮೆಟ್ಟಲಕ್ಕ ಹಾಕ್ಯಾರ, ಅಂಡಿಗಿ ಉರುಳಸಾಕ, ಸತ್ಯಕ್ಕ ಮೂರು ಸರತಿ ಹೇಳಿದ್ಲು ಮುಕದ್ದಮಗ, ಸುಗ್ಗಿ ಮುಗೀಲಿ ಅಂದ, ಅಂತ ನನ್ನ ಕಿವಿಯಲ್ಲಿ ಹೇಳಿದಳು, ಹೇಳಿ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು, ಆಳುಗಳನ್ನು ದುಡಿಸುವ ಮುಕದ್ದಮ ಹುಲಗಪ್ಪ ಮೆಟ್ಟಿಲ ಮೇಲೆ ಬಂದು ನಿಂತಿದ್ದ. ಜಿನ್ನಿನ ಲೆಕ್ಕ ಬರೆಯುವ ಮುನೀಮನಿಗೆ ಅವನು ಹೇಳುತ್ತಿದ್ದ, ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ, ಅರಳಿ ಕದ್ದು ಸೆರಗಿನಾಗ ಕಟ್ಟಕೊಳ್ಳಾಕ ಆ ಕಡೆ ಹೋಗಿದ್ಲು ಅಂತ ಬರಸೂಣ್ರಿ, ಜಿನ್ನಿಗೆ ಕೆಟ್ಟ ಮಾತು ಬರಂಗಿಲ್ಲ. ಕದಿಯುವುದಂತೆ. ಸಂಜೆ ಜಿನ್ನಿನ ಬಾಗಿಲಲ್ಲಿ ಪ್ರತಿಯೊಬ್ಬ ಹೆಂಗಸಿನ ಸೀರೆ ಝಾಡಿಸಿ ಜಡತಿ ಮಾಡಿ ಬಿಡುತ್ತಾರೆ, ಎಲೆ ಅಡಿಕೆಯ ಚೀಲ ಸಹಾ ಬಿಡುವುದಿಲ್ಲ, ಯಾವ ಸೆರಗಿನಲ್ಲಿ ಏನು ಒಯ್ಯುತ್ತಾರೆ.

ಆಗ ಪೋಲೀಸ ಫೌಜದಾರರ ಸಿಪಾಯಿ ಬಂದ, ಎಲ್ಲರನ್ನೂ ಹೊರಗೆ ಹಾಕಿದ, ಪಂಚನಾಮೆ ಆಗೂತನಾ ಇಲ್ಲಿದ್ದದ್ದು ಒಂದು ಕಡ್ಡೀನೂ ಯಾರೂ ಮುಟ್ಟಬಾರದು, ಹೆಣಾನೂ ಎತ್ತಬಾರದು, ಅಂತ ಸಾರಿದ, ನನ್ನ ಕಡೆ ತಿರುಗಿ, ಸೋದರಮಾವ ನೀನs ಅಲ್ಲ, ಹೊತ್ತು ನೆತ್ತಿಗೆ ಬಂದಾಗ ಪಂಚರು ಕೂಡತಾರ, ನೀನೂ ಬಾ, ನಿನ್ನೂ ಹಿಡಿದು ಐದು ಮಂದಿಗೆ ಹೇಳೇನಿ, ಅಂದ. ಹುಲಗಪ್ಪ ಹಿಂದೆಯೇ ಬಂದು ಹೆಗಲ ಮೇಲೆ ಕೈ ಇಟ್ಟ, ಕಾಕಾ, ಬಂದು ಹೆಬ್ಬಟ್ಟ ಒತ್ತಿಬಿಡು, ಬರಿಯೂದು ಓದೂದು ನಮಗ ಬಿಡು, ಅಂದ, ಆ ಕೈ ಎಷ್ಟು ಹಗುರ ಇತ್ತು. ಹೊರಗೆ ಬಂದೆ, ಬಿಸಿಲು, ನಡೆಯುತ್ತಾ ಅದೊಂದೇ ಶಬ್ದ ತಲೆಯಲ್ಲಿ, ಪಂಚನಾಮೆ, ಪಂಚನಾಮೆ ಆಗುವ ತನಕ ಯಾರೂ ಮುಟ್ಟಬಾರದು, ಅಂದರೆ ಆಗದಿದ್ದರೆ — ಆಗದಿದ್ದರೆ ಆ ಖಾಲಿ ಹಾಗೇ ಉಳಿಯುತ್ತದೆ, ಹುಲಗಪ್ಪನಿಗೂ ಮುಚ್ಚಲು ಬಾರದು, ಮುಂಬಯಿಯಲ್ಲಿ ಈಗ ನಮ್ಮವರೇ ಮಂತ್ರಿಗಳು ಕುಳಿತಿದ್ದಾರಂತೆ, ದೊಡ್ಡ ಸಾಹೇಬ ಬರುತ್ತಾನೆ, ಡಾಕ್ಟರು ಬರುತ್ತಾನೆ, ಕಣ್ಣಿದ್ದವರು ಯಾರು ಬಂದರೂ ಸಾಕು, ಹಲಗೆ ಇಲ್ಲದ್ದು ಕಾಣುತ್ತದೆ. ಶಾಲೆಯಲ್ಲಿ ನಾನು ಕಲಿತದ್ದು ಎರಡನೆಯ ಇಯತ್ತೆಯ ಅರ್ಧ, ಆದರೆ ಆ ಶಬ್ದ ನನಗೆ ಗೊತ್ತು, ಬಹಳ ಹಿಂದೆ ಧಾರವಾಡದ ಕಚೇರಿಯ ದಫ್ತರದ ಪೆಟ್ಟಿಗೆಗಳನ್ನು ಹುಬ್ಬಳ್ಳಿಗೆ ತರುವಾಗ ಮುನಶಿ ಸಾಹೇಬರೊಬ್ಬರು ನನ್ನ ಗಾಡಿಯಲ್ಲಿ ಕೂತು ಬಂದಿದ್ದರು, ನವಲೂರಿನ ಇಳಿಜಾರಿನಲ್ಲಿ ಪೇರಲಹಣ್ಣು ತಿನ್ನುತ್ತ ಹೇಳಿದ್ದರು, ಪಂಚ ಅನ್ನೋದು ನಿಮ್ಮದು ಯಮನಪ್ಪ, ಐದು, ನಾಮಾ ಅನ್ನೋದು ನಮ್ಮ ಫಾರಸಿ, ಬರದ ಕಾಗದ, ರಾಜೀನಾಮಾ, ಕರಾರನಾಮಾ, ಹುಕುಮನಾಮಾ ಅಂತಾರಲ್ಲ ಹಂಗ, ಒಂದು ನೊಗಕ್ಕ ಎರಡು ಊರಿನ ಎತ್ತು ಹೂಡಿದಂಗ. ನನ್ನ ಗಾಡಿಯ ಎತ್ತುಗಳೂ ಹಾಗೇ ಇದ್ದವು, ಒಂದು ಬಿಳಿದು ಒಂದು ಕೆಂದು, ಆ ಮಾತು ಅದಕ್ಕೇ ಉಳಿಯಿತು. ಫೌಜದಾರ ಅಂದರೆ ಫೌಜು ಇದ್ದವನು, ದಂಡಿನ ಯಜಮಾನ, ಈಗ ಫೌಜೆಲ್ಲಿ, ಒಬ್ಬ ಸಿಪಾಯಿ ಒಂದು ಸೈಕಲ್ಲು, ಅಂತ ನಕ್ಕಿದ್ದರು ಅವರು, ಇನ್ನೂ ಏನೋ ಹೇಳಿದ್ದರು, ಎತ್ತು ಬೆದರಿತು, ಇಳಿದು ಹಿಡಿದೆ. ಐದು. ಐದು ಮಂದಿ ಬರೆಸಿದ ಕಾಗದ. ನಮ್ಮ ಕೇರಿಯ ದೈವವೂ, ನ್ಯಾಯ ಹೇಳುವ ಹಿರಿಯರ ಕೂಟ, ಐದು ಮನೆಯವರದು, ನ್ಯಾಯ ಕೂಡುವ ದಿನ ಕಂಬಳಿ ಹಾಸಿ ಅದರ ಮೇಲೆ ಐದು ಪಾಲು ವೀಳ್ಯ ಇಡುತ್ತಾರೆ, ಒಪ್ಪಿದವನು ಬಂದು ತನ್ನ ಪಾಲು ಎತ್ತಿ ಬಾಯಿಗೆ ಹಾಕುತ್ತಾನೆ, ಒಪ್ಪದವನು ಜಗಳ ಆಡುವುದಿಲ್ಲ, ಬರುವುದೇ ಇಲ್ಲ, ಅವನ ಎಲೆ ಕಂಬಳಿಯ ಮೇಲೆ ಬಾಡುತ್ತದೆ, ಬಾಡಿದ ಎಲೆ ಕಂಡರೆ ಆ ನ್ಯಾಯ ಮುರಿಯಿತು ಅಂತ, ಉಳಿದ ನಾಲ್ವರು ಎದ್ದು ಅವನ ಮನೆಗೆ ಬಂದು ಯಾಕಪಾ ಬರಲಿಲ್ಲ, ನಿನ್ನ ಹೊಟ್ಟ್ಯಾಗ ಏನೈತಿ ಹೇಳು, ಅಂತ ಕೇಳಲೇಬೇಕು. ನನ್ನ ಅಪ್ಪ ಹೊಳೆಯಪ್ಪ, ಬಾವಿಯ ನೀರಿನ ನ್ಯಾಯ ಬಂದಾಗ ಹೊಲದಲ್ಲೇ ಹೋಗಿ ಕೂತುಬಿಟ್ಟ, ಅವ್ವ ಬುತ್ತಿ ಒಯ್ಯುತ್ತಿದ್ದಳು, ನಾಲ್ವರೂ ಹೊಲಕ್ಕೆ ಬಂದರು, ಬದುವಿನ ಮೇಲೆ ಕೂತರು, ನೀರು ನಮಗೂ ಬಂತು. ಬಾಯಿ ಮಾಡಿದವನ ಮಾತು ಗಾಳಿಗೆ ಹೋಗತದ, ಕುಂತಲ್ಲೆ ಕುಂತವನ ಮಾತು ನೆಲಕ್ಕ ಇಳೀತದ, ಅಂದಿದ್ದ ಅಪ್ಪ, ನಾನು ಜೀವಮಾನವೆಲ್ಲ ಅದನ್ನೇ ನಡೆಸಿಕೊಂಡು ಬಂದವನು.

ಆದರೂ ಮನಸ್ಸು ತಡೆಯಲಿಲ್ಲ, ಮಠದ ಕಟ್ಟೆಗೆ ಹೋದೆ, ಶಾಂತಯ್ಯನವರು ಕೂತಿದ್ದರು, ಕಳೆದ ದನ ಸಿಗುತ್ತದೋ ಇಲ್ಲವೋ, ಹೆಣ್ಣು ಗಂಡು ಕೂಡುತ್ತದೋ ಇಲ್ಲವೋ, ಹೆಸರಿನ ಅಕ್ಷರ ಎಣಿಸಿ ಹೇಳುವವರು ಅವರೇ ನಮ್ಮ ಭಾಗಕ್ಕೆ. ಕಟ್ಟೆಯ ಕೆಳಗೆ ನೆಲದ ಮೇಲೆ ಕೂತೆ, ಎಲ್ಲಾ ಹೇಳಿದೆ, ಹಲಗೆಯ ಖಾಲಿ ಹೇಳಿದೆ, ನಾ ಹೋಗದಿದ್ದರ ಏನಾದೀತರಿ ಅಯ್ಯನವರ, ಅಂದೆ. ಅವರು ಕಣ್ಣು ಮುಚ್ಚಿ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಆಡಿಸಿದರು. ಪಂ, ಚ, ನಾ, ಮೆ — ಅಕ್ಷರ ನಾಕು, ಮೊದಲನೇದರ ಬಗಲಾಗ ಒಂದು ಸೊನ್ನಿ, ಕೂಡಿ ಐದು, ನೋಡು ಯಮನಪ್ಪ, ನಾಕು ಅಂದರ ಹೆಣಾ ಹೊರಾವರು, ಚಟ್ಟದ ನಾಕು ಮೂಲಿ, ಬರೇ ನಾಕರಿಂದ ಸಾವು ಆಗತದ ಹೊರತು ನ್ಯಾಯ ಆಗಂಗಿಲ್ಲ, ಸೊನ್ನಿಗೆ ತನ್ನದs ಆದ ಬೆಲಿ ಇಲ್ಲ, ಆದರ ಅದನ್ನ ಅಳಿಸಿದರ ಶಬ್ದನs ಹೋತು, ದೇಹ ಕೂಡೂದು ಐದರಿಂದ, ಹೋಗೂದು ಐದಕ್ಕ, ಶಿವನ ಮಂತ್ರ ಐದು ಅಕ್ಷರ, ಸತ್ತವರ ಬಗ್ಗೆ ಸಾಕ್ಷಿ ಹೇಳೂದೂ ಐದs, ಐದು ಕೂಡದ ಪಂಚನಾಮೆ ಇಲ್ಲ. ಇನ್ನೂ ಎಣಿಸಿದರು, ನಿನ್ನ ಹೆಸರು ಯ ಮ ನ ಪ್ಪ ನಾಕು, ಅಕೀದು ಸ ತ್ಯ ವ್ವ ಮೂರು, ಏಳಾತು, ಏಳರಾಗ ಐದು ತೆಗದರ ಎರಡು ಉಳೀತು, ಎರಡು ಉಳದರ ಛಲೋ, ಹಿಡದ ಕೆಲಸ ಆಗತದ. ಎರಡು ಉಳಿಯಿತು. ಆ ಮಾತು ಆಗ ನನಗೆ ನೀರು ಕುಡಿದಂತೆ ಆಯಿತು. ಐದನೆಯವನು ನಾನು, ಸೊನ್ನೆ ನಾನು, ನನ್ನನ್ನು ನಾನೇ ಅಳಿಸಿಕೊಂಡರೆ ಅವರ ಶಬ್ದವೇ ಉಳಿಯುವುದಿಲ್ಲ, ಕೈ ಮುಗಿದು ಎದ್ದು ಅಮರಗೋಳದ ದಾರಿ ಹಿಡಿದೆ, ಸಿಪಾಯಿಗೆ ಸಿಗಬಾರದು ಅಂತ, ಊರ ಆಚೆ ಹುಣಸೆಮರದ ಬುಡದಲ್ಲಿ ಕೂತೆ, ಹತ್ತಿ ಕಿತ್ತ ಎರೆಹೊಲ ಬಿರಿದು ಬಿದ್ದಿತ್ತು, ಆದರೂ ಒಂದು ನೆಮ್ಮದಿ, ನಾನು ಸತ್ಯವ್ವನನ್ನು ಕಾಯುತ್ತಿದ್ದೇನೆ ಎಂಬ ನೆಮ್ಮದಿ, ಈಗ ಅವರು ಎಲೆ ನೋಡುತ್ತಿರಬೇಕು, ಈಗ ಯಾಕೆ ಬರಲಿಲ್ಲ ಅನ್ನುತ್ತಿರಬೇಕು, ಈಗ ನನ್ನ ಮನೆಯ ಕಡೆ ಹೊರಟಿರಬೇಕು, ಬಾ ಅಂತ ಕರೆಯಲು ಯಾರಾದರೂ ಬರುತ್ತಾರೆ ಅಂತ ದಾರಿ ನೋಡಿದೆ, ಒಂದು ಕುರಿಯ ಹಿಂಡು ಬಂತು, ಹೋಯಿತು. ಹೊತ್ತು ಮುಳುಗುವಾಗ ಕೇರಿಗೆ ತಿರುಗಿ ಬಂದರೆ ಹೆಂಗಸರು ಒದ್ದೆ ಸೀರೆಯಲ್ಲಿ ಸಾಲಾಗಿ ಬರುತ್ತಿದ್ದಾರೆ, ತಲೆಯಿಂದ ನೀರು ಇಳಿಯುತ್ತಿದೆ, ಯಾರ ಮನ್ಯಾಗ ಏನಾತವ್ವ, ಅಂತ ಕೇಳಿದೆ ನಾನು, ಹುಚ್ಚನ ಹಾಗೆ, ಅವರು ದಾರಿ ಬಿಟ್ಟು ಸರಿದರು. ಫಕೀರವ್ವ ಹೊಸ್ತಿಲಲ್ಲಿ ಕೂತಿದ್ದಳು. ಯಣ್ಣಾ, ಎಲ್ಲಿ ಹೋಗಿದ್ದಿ, ಅಂದಳು, ಬೈಯಲಿಲ್ಲ, ಅಳಲಿಲ್ಲ, ಎಲ್ಲಾರೂ ಮಣ್ಣು ಹಾಕಿದರು, ಸೋದರಮಾವ ಎಲ್ಲಿದಾನ ಅಂತ ಕೂಗಿದರು, ಯಾರೂ ಓ ಅನ್ನಲಿಲ್ಲ, ಕಡೀಕ ನಾನs ನಿನ್ನ ಹೆಸರಲೆ ಒಂದು ಹಿಡಿ ಹಾಕಿದೆ. ಪಂಚನಾಮೆ ಆಗೇತೇನು, ಅಂದೆ. ಆತಂತ, ಅಂದಳು, ಕಳ್ಳಿ ಅಂತ ಬರದಾರಂತ, ಹೌದೇನ ಯಣ್ಣಾ.

ಹೇಗೆ ಆಯಿತು, ನಾನು ಹೋಗಿಲ್ಲ, ನಾನು ಹೋಗದೆ ಹೇಗೆ ಆಯಿತು, ರಾತ್ರಿಯೆಲ್ಲ ಅದೇ, ಬೆಳಗಾದ ಕೂಡಲೆ ಶನಿವಾರ ಜಿನ್ನಿಗೆ ಹೋದೆ, ಯಂತ್ರ ತಿರುಗುತ್ತಿತ್ತು, ಏನೂ ಆಗಿಲ್ಲ ಎಂಬಂತೆ ನೆಲ ನಡುಗುತ್ತಿತ್ತು, ಸತ್ಯವ್ವನ ಬುಟ್ಟಿ ತರೂದೈತಿ ಅಂತ ಸುಳ್ಳು ಹೇಳಿ ಕೆಳಗೆ ಇಳಿದೆ, ಜೀವಮಾನದಲ್ಲಿ ಆಡಿದ ಕೆಲವೇ ಸುಳ್ಳುಗಳಲ್ಲಿ ಅದೊಂದು, ಇಳಿದು ನೋಡಿದರೆ ಖಾಲಿ ಇಲ್ಲ. ಖಾಲಿ ಇದ್ದ ಜಾಗದಲ್ಲಿ ಹೊಸ ಹಲಗೆ. ಎಣ್ಣೆ ಕುಡಿದು ಕರ್ರಗಾದ ಹಲಗೆಗಳ ನಡುವೆ ಬಿಳಿಯದೊಂದು, ಈಗಷ್ಟೇ ಕೊಯ್ದದ್ದು, ಕಟ್ಟಿಗೆಯ ಹಸಿ ವಾಸನೆ, ಮೊಳೆಯ ತಲೆಗಳು ಮಿಣಿಮಿಣಿ. ಕೈ ಇಟ್ಟೆ, ಹಿಂದೆ ಕೋಲು ತಿರುಗುವ ನಡುಕ ಅಂಗೈಗೆ ಬಂತು. ಆ ಬಿಳಿ ನನ್ನ ಕಣ್ಣಿಂದ ಹೋಗಲಿಲ್ಲ, ಮಠದ ಕಟ್ಟೆಗೆ ಬಂದಾಗಲೂ ಶಾಂತಯ್ಯನವರ ಬಿಳಿ ಧೋತರದ ಮೇಲೆ ಅದೇ ಹಲಗೆ ಕಾಣುತ್ತಿತ್ತು. ಯಾರ್ಯಾರು ಪಂಚರು ಆದರರಿ, ಅಂದೆ. ಅವರು ನೆಲ ನೋಡಿದರು. ಹುಲಗಪ್ಪ ಒಬ್ಬವ, ಅಂದರು, ಆಮೇಲೆ ಧೋತರದ ಅಂಚು ಮಡಚುತ್ತ, ನಾನೊಬ್ಬವ. ಮುನೀಮ ಟಾಂಗಾ ಕಳಿಸಿದ್ದ ಯಮನಪ್ಪ, ಒಲ್ಲೆ ಅನ್ನಾಕ ಬರಲಿಲ್ಲ, ಮೂರು ಮಂದಿ ಬರಲಿಲ್ಲ, ಐದು ಆಗಲಿಲ್ಲಲ್ರಿ ಅಂತ ಅಂದೆ ನಾ, ಖರೇನs ಅಂದೆ, ಇಬ್ಬರು ಸಾಕು ಅಂದರು ಫೌಜದಾರರು. ನೀವs ಹೇಳಿದ್ದಿರಿ ಐದಿಲ್ಲದ ಪಂಚನಾಮೆ ಇಲ್ಲ ಅಂತ, ಅಂದೆ ನಾನು, ಅಯ್ಯನವರಿಗೆ ಎದುರುಮಾತು ಆಡಿದ್ದು ಅದೇ ಮೊದಲು. ನಾ ಎಣಿಸಿದ್ದು ಅಕ್ಷರ, ಅವರು ಎಣಿಸಿದ್ದು ಮಂದಿ, ಅಂದರು ಶಾಂತಯ್ಯ, ಹಲಗಿ ಇಲ್ಲದ್ದು ನನ್ನ ಕಣ್ಣಿಗೂ ಬಿತ್ತು, ಕೇಳಿದರ ಹೇಳೂಣು ಅಂತ ಕುಂತೆ, ಯಾರೂ ಕೇಳಲಿಲ್ಲ, ಸೆರಗಿನಾಗ ಅರಳಿ ಸಿಕ್ತು ಅಂತ ಬರಕೊಂಡರು, ಅಲ್ಲಿ ಅರಳಿ ಹತ್ತದಾಂವ ಯಾರಿದ್ದ, ಬರಿಯೂಮುಂದ ಫೌಜದಾರರ ಮೀಸಿಗೂ ಹತ್ತಿತ್ತು. ಎರಡು ಉಳಿಯಿತು ಅಂದಿದ್ದರು, ಎರಡು ಉಳಿದರೆ ಹಿಡಿದ ಕೆಲಸ ಆಗುತ್ತದೆ ಅಂದಿದ್ದರು, ಆಯಿತು, ಕೆಲಸ ಆಯಿತು, ಎಣಿಕೆ ತಪ್ಪಲಿಲ್ಲ, ಯಾರ ಕೆಲಸ ಅಂತ ಮಾತ್ರ ನಾನು ಕೇಳಿರಲಿಲ್ಲ.

ಅಲ್ಲಿಂದ ಹಾಗೇ ಫೌಜದಾರ ಕಚೇರಿಗೆ, ಕಾಲು ಹೇಗೆ ಹೋದವೋ ತಿಳಿಯದು, ಹೊರಗಿನ ಬೆಂಚಿನ ಮೇಲೆ ಕೂಡಿಸಿದರು, ಕರೆದಾಗ ಒಳಗೆ ಹೋಗಿ ನಿಂತೆ, ಕೆಟ್ಟ ಮನುಷ್ಯನಲ್ಲ ಫೌಜದಾರ, ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿ, ಹೇಳು ಕಾಕಾ, ಅಂದರು. ಐದು ಆಗದ ಹ್ಯಾಂಗ ಬರದ್ರಿ ಸಾಹೇಬರ, ಅಂದೆ. ಕಾಯದೆಕ್ಕ ಇಬ್ಬರು ಸಾಕು, ಅಂದರು, ಐದು ಅನ್ನೂದು ಹೆಸರಿನಾಗ ಉಳದೈತಿ, ಅಜ್ಜನ ಪಗಡಿ ಗೂಟದ ಮ್ಯಾಲ ಉಳೀತದಲ್ಲ ಹಂಗ. ನಾ ಬಂದಿದ್ದಿಲ್ಲಲ್ರಿ, ಅಂದೆ, ನನಗೆ ಒಪ್ಪಿಗಿ ಇದ್ದಿದ್ದಿಲ್ಲ, ಅದಕ್ಕ ಬರಲಿಲ್ಲ. ಅವರು ನನ್ನ ಮುಖ ನೋಡಿದರು, ಏನೋ ತಿಳಿಯದ ಭಾಷೆ ಕೇಳಿದವರ ಹಾಗೆ. ಬರಲಿಲ್ಲ ಅಂದರ ಒಪ್ಪಿಗಿ ಇಲ್ಲ ಅಂತ ಅಲ್ಲ ಕಾಕಾ, ಬರಲಿಲ್ಲ ಅಂತ, ಅಷ್ಟ. ಬಂದಿದ್ದರ, ಬಟ್ಟು ಮಾಡಿ ಇಲ್ಲಿ ಹಲಗಿ ಇಲ್ಲರಿ ಅಂತ ತೋರಿಸಿದ್ದರ, ನಿನ್ನ ಮಾತೂ ಬರಕೋತಿದ್ದೆ, ಬರಕೊಳ್ಳದs ಗತಿ ಇದ್ದಿದ್ದಿಲ್ಲ ನನಗ, ನಾ ಕತ್ತಲಾಗ ಹೆಣಾ ನೋಡಿದೆ, ಹಲಗಿ ಎಣಿಸಲಿಲ್ಲ, ಇವತ್ತ ಹೋದರ ಅಲ್ಲಿ ಹಲಗಿ ಐತಿ. ಅಷ್ಟ. ಆ ಒಂದು ಮಾತು ಗಾಡಿಯ ಅಚ್ಚು ಮುರಿದ ಹಾಗೆ ಮುರಿಯಿತು ನನ್ನೊಳಗೆ, ಎಲೆ ಬಾಡಿದ್ದನ್ನು ಯಾರೂ ನೋಡಲಿಲ್ಲ, ಕಂಬಳಿಯೇ ಹಾಸಿರಲಿಲ್ಲ, ಅಪ್ಪನ ಹೊಲದ ಬದುವಿಗೆ ಯಾರೂ ಬಂದು ಕೂಡುವುದಿಲ್ಲ ಇಲ್ಲಿ, ಅಮರಗೋಳದ ಹುಣಸೆಯ ಕೆಳಗೆ ನಾನು ಕೂತದ್ದು ಸತ್ಯವ್ವನನ್ನು ಕಾಯಲಿಕ್ಕಲ್ಲ, ಬರೇ ಕೂತದ್ದು, ಆಗ ಮುನಶಿ ಸಾಹೇಬರ ಉಳಿದ ಮಾತು ನೆನಪಿಗೆ ಬಂತು, ಎತ್ತು ಬೆದರುವ ಮೊದಲು ಹೇಳಿದ್ದು, ಶಬ್ದ ಹಳೇದು ಯಮನಪ್ಪ, ಹುಕುಂ ಹೊಸದು, ಶಬ್ದದ ಭರೋಸಾದ ಮ್ಯಾಲ ಗಾಡಿ ಹೊಡೀಬ್ಯಾಡ, ಅಂದಿದ್ದರು, ಇಷ್ಟು ವರ್ಷ ಎಲ್ಲಿ ಮಲಗಿತ್ತು ಅದು. ಈಗ ಹೇಳ್ತೇನಿರಿ, ಅಂದೆ ಫೌಜದಾರರಿಗೆ, ಈಗ ಬರಕೋರಿ. ನೀ ಅಕಿ ಮಾವ, ನಿಂದು ಮನಿ ಮಾತು ಆಗತದ, ಜಿನ್ನಿನಾಗ ದುಡಿಯೋರು ಯಾರರೆ ಕಂಡಾಕಿ ಇದ್ದರ ಕರಕೊಂಡು ಬಾ, ನಿಂದೂ ಅಕೀದೂ ಕೂಡೇ ಬರಕೋತೇನಿ, ಸೋಮವಾರ ಸಂಜೀಕ ಕಾಗದ ಧಾರವಾಡಕ್ಕ ಹೋಗತದ, ಅದರ ಮೊದಲ ಬಾ, ಅಂದರು. ನಿನ್ನೆ ರವಿವಾರ, ಜಿನ್ನು ಸೂಟಿ, ಬಾಳವ್ವನ ಮನೆಗೆ ಹೋದೆ, ಗಂಡ ಇಲ್ಲದ ಹೆಂಗಸು, ಎರಡು ಕೂಸು, ಸೊಪ್ಪು ಸೋಸುತ್ತಿದ್ದಳು. ಕಾಕಾ, ನೀ ಅವತ್ತ ಬಂದಿದ್ದರ ನಿನ್ನ ಬೆನ್ನ ಹಿಂದ ನಿಂತು ನಾನೂ ಹೇಳ್ತಿದ್ದೆ, ಬಾಗಲಾ ನೋಡಿ ನೋಡಿ ಕಣ್ಣು ಸೋತವು ನನಗ, ಅಂದಳು, ಅದನ್ನು ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಸತ್ಯಕ್ಕ ನನ್ನ ಕೂಸಿನ ಕುಂಚಿಗಿ ಹೊಲದಾಕಿ, ಅಕಿನ್ನ ಕಳ್ಳಿ ಅನಸಾಕ ಬಿಡೂದಿಲ್ಲ, ಆದರ ಈ ಸರತಿ ನೀ ಮೊದಲ ಬಾಯಿ ತಗೀಬೇಕು, ನೀ ಸುಮ್ಮ ಕುಂತರ ನನ್ನ ಕಡಿಂದ ಆಗಂಗಿಲ್ಲ, ಅಂದಳು. ತಗೀತೇನಿ, ಅಂದೆ. ಏನು ಹೇಳಬೇಕು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೇನೆ, ಸಾಹೇಬರ, ಶುಕ್ರವಾರ ಅಲ್ಲಿ ಹಲಗಿ ಇದ್ದಿದ್ದಿಲ್ಲ, ನಾ ಕಂಡೇನಿ, ಈಕಿ ಕಂಡಾಳ.

ಯಣ್ಣಾ, ಹಿಂದ ಸರಿ, ಗದಗಿನ ಗಾಡಿ ಬಂತು, ಅಂದ ಹುಚ್ಚಪ್ಪ, ಗೇಟು ಹಾಕಿದ, ಅಂಡಿಗೆ ಹೇರಿದ ಎರಡು ಎತ್ತಿನಗಾಡಿ ಬಂದು ನಿಂತವು, ಗಾಡಿಯವನೊಬ್ಬ, ಏ ಹುಚ್ಚಪ್ಪ, ನಾ ಬಂದಾಗs ಹಾಕತೀಯಲ್ಲೋ, ನಿನಗೂ ರೇಲಿಗೂ ಒಳಗಿಂದೊಳಗ ಏನರೆ ಐತೇನು, ಅಂದ, ಐತಿ, ನಿನ್ನ ಎತ್ತಿಗೆ ಪಾಸು ತೆಗಸೇನಿ, ಏರಸು, ಅಂದ ಹುಚ್ಚಪ್ಪ, ನಕ್ಕರು. ನಾನು ಓಣಿಯ ಕಡೆ ನೋಡುತ್ತಿದ್ದೇನೆ, ಓಣಿಯಿಂದ ಬರಬೇಕಲ್ಲ ಅವಳು, ಬಿಸಿಲು ಬಿದ್ದ ಓಣಿ, ಒಂದು ಕೋಳಿ, ನೀರಿನ ಕೊಡ ಹೊತ್ತ ಮುದುಕಿ, ಇನ್ನಾರೂ ಇಲ್ಲ. ಹೊಗೆ ಮೊದಲು ಬಂತು, ಆಮೇಲೆ ಸದ್ದು, ಸ್ಟೇಷನ್ನು ಬಿಟ್ಟು ಇನ್ನೂ ಓಟ ಹಿಡಿದಿಲ್ಲ ರೇಲು, ನಡೆಯುವ ಎತ್ತಿನ ಹಾಗೆ ಬಂತು, ಡಬ್ಬಿಗಳು, ಕಿಡಕಿಗಳು, ಕಿಡಕಿಯಲ್ಲಿ ಮುಖ, ಮುಂದಿನ ಕಿಡಕಿಯಲ್ಲಿ ಮುಖ, ಒಂದು ಕೂಸು ಕೈ ಹೊರಗೆ ಹಾಕಿ ಗಾಳಿ ಹಿಡಿಯುತ್ತಿದೆ, ಆ ಕೂಸಿನ ತಲೆಯ ಮೇಲೆ ಕುಂಚಿಗೆ, ಕೂಸಿನ ಹಿಂದೆ ಗಂಟು, ಗಂಟಿನ ಹಿಂದೆ ಬಾಳವ್ವ. ನನ್ನನ್ನು ನೋಡಿದಳು. ನಾನು ಗೇಟಿನ ಹತ್ತಿರ ಇರುತ್ತೇನೆ ಅಂತ ಗೊತ್ತು ಅವಳಿಗೆ, ಅವಳೇ ಹೇಳಿದ ಜಾಗ, ಆ ಕಡೆಯ ಕಿಡಕಿಗೆ ಕೂಡಬಹುದಿತ್ತು, ಈ ಕಡೆಯೇ ಕೂತಿದ್ದಳು, ನೋಡಿದಳು, ಸೆರಗು ಮುಂದಕ್ಕೆ ಎಳೆದುಕೊಳ್ಳಲಿಲ್ಲ, ತಲೆ ಅಲ್ಲಾಡಿಸಲಿಲ್ಲ, ಕೂದಲಲ್ಲಿ ಅರಳೆ, ಕಣ್ಣು ಕೆಂಪು, ಹೋಯಿತು, ಮುಂದಿನ ಕಿಡಕಿ, ಬೇರೆ ಮುಖ. ಅಕಿ ಜಿನ್ನಿನ ಬಾಳವ್ವ ಅಲ್ಲೇನ, ಅಂದ ಹುಚ್ಚಪ್ಪ, ಸೋಲಾಪುರದ ಗಿರಣ್ಯಾಗ ಕೆಲಸ ಕೊಡಸ್ಯಾನಂತ ಹುಲಗಪ್ಪ, ಮುಂಜಾನೆ ತಾನs ಬಂದು ಟಿಕೀಟು ತೆಗಸಿದ ಅಂತ ನಿಶಾನಿ ತರಾಕ ಹೋದಾಗ ಅಂದ್ರು ಸ್ಟೇಷನ್ನಿನಾಗ, ನಿನಗ ಹೇಳಿದ್ದಿಲ್ಲೇನ. ಬಾಯಿ ತೆರೆದೆ. ತಗೀತೇನಿ ಅಂದಿದ್ದೆ, ತೆರೆದೆ, ಸಾಹೇಬರ, ಶುಕ್ರವಾರ ಅಲ್ಲಿ — ಗಾಡಿಯವರು ನೋಡುತ್ತಿದ್ದಾರೆ, ಮುದುಕ ರೇಲಿನ ಬೆನ್ನಿಗೆ ಏನೋ ಹೇಳುತ್ತಿದ್ದಾನೆ ಅಂತ, ಕಡೆಯ ಡಬ್ಬಿ ದಾಟಿತು, ಗೇಟು ತೆರೆಯಿತು, ಅಂಡಿಗೆಯ ಗಾಡಿಗಳು ಹಳಿ ಹಾಯ್ದವು, ಜಿನ್ನಿನವರಲ್ಲಿ ಒಬ್ಬಳೇ ಇದ್ದಳು ಕಂಡದ್ದು ಹೇಳುತ್ತೇನೆ ಅಂದವಳು, ಬರಲಿಲ್ಲ ಅಂದರೆ ಬರಲಿಲ್ಲ ಅಂತ, ಅಷ್ಟ, ಅವಳ ಮೇಲೆ ಸಿಟ್ಟು ಬರಬೇಕು, ಬರುತ್ತಿಲ್ಲ, ಏನೂ ಬರುತ್ತಿಲ್ಲ, ಫಕೀರವ್ವನಿಗೆ ಏನು ಹೇಳಲಿ, ಹೌದೇನ ಯಣ್ಣಾ ಅಂತ ಕೇಳಿದ್ದಾಳೆ, ಏನು ಹೇಳಲಿ, ಹಳಿ ಹೊಳೆಯುತ್ತಿದೆ, ಮೊಳೆಯ ತಲೆಗಳು, ಕರ್ರಗಿನ ಹಲಗೆಗಳ ನಡುವೆ ಬಿಳಿಯದೊಂದು, ಕೈ ಇಟ್ಟರೆ ನಡುಕ, ಬಿಳಿಯದೊಂದು, ಹಸಿ ವಾಸನೆ, ಬಿಳಿಯದೊಂದು ಹಲಗೆ — ಬಾಳವ್ವ ಹೋದಳು, ಸೋಮವಾರ.